ಕೀಲಿಮಣೆ ಇರುವ ಕೈಗಣಕ: ತೋಟದ ಕೆಲಸಕ್ಕೆ ಆರಿಸಿಕೊಳ್ಳುವುದು ಹೇಗೆ?



ತೋಟದ ಲೆಕ್ಕ ಬರೆದಿಡಬೇಕು ಎಂಬುದನ್ನು ನಮಗೆ ಯಾರೂ ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ಹಿರಿಯರ ಕಾಲದಲ್ಲಿ ಅದು ಗೋಡೆಯ ಮೇಲಿನ ಮಸಿಯ ಗೀಟಾಗಿತ್ತು, ಆಮೇಲೆ ಕ್ಯಾಲೆಂಡರಿನ ಚೌಕದೊಳಗಿನ ಸಣ್ಣ ಅಕ್ಷರವಾಯಿತು, ಬಳಿಕ ನಲುವತ್ತು ಪುಟದ ಪುಸ್ತಕವಾಯಿತು. ಈಗ ಮೊಬೈಲು ಬಂದಿದೆ. ಆದರೆ ಮಳೆಗಾಲದಲ್ಲಿ, ಒದ್ದೆ ಕೈಯಲ್ಲಿ, ತೋಟದ ನಡುವೆ ನಿಂತು ಬರೆಯುವುದಕ್ಕೆ ಯಾವ ಸಾಧನ ಯೋಗ್ಯ ಎಂಬ ವಿಚಾರ ಮಾತ್ರ ನಮ್ಮಲ್ಲಿ ಹೆಚ್ಚು ನಡೆದಂತಿಲ್ಲ. ಮುಟ್ಟುವ ತೆರೆಯ ಫೋನು ಸಾಕೇ, ಗುಂಡಿಗಳ ಕೀಲಿಮಣೆ ಇರುವ ಕೈಗಣಕ ಬೇಕೇ, ಬೇಕಾದರೆ ಎಂತಹದು? ಈ ಪಾಠದಲ್ಲಿ ಅದನ್ನು ನೋಡೋಣ.

ನಮಗೆ ಈ ವಿಚಾರ ತಲೆಗೆ ಹತ್ತಿದ್ದು ಒಂದು ನಷ್ಟದ ಬಳಿಕ. ಅದನ್ನೇ ಮೊದಲು ಹೇಳುತ್ತೇವೆ.

ಒಂದು ಗುರುತು ತಪ್ಪಿದ್ದರಿಂದ ಆದದ್ದು

ಅಡಿಕೆಯ ಕೊಳೆರೋಗಕ್ಕೆ ಮಳೆ ಹಿಡಿಯುವ ಮೊದಲು ಒಮ್ಮೆ ಶೇಕಡಾ 1ರ ಬೋರ್ಡೋ ಬಿಟ್ಟು, 40–45 ದಿನಗಳ ಬಳಿಕ ಎರಡನೆಯ ಬಾರಿ ಬಿಡಬೇಕೆಂಬುದು ಎಲ್ಲರಿಗೂ ಗೊತ್ತು. ಆ ಎರಡನೆಯ ಮದ್ದಿನ ಹೊತ್ತಿಗೆ ಆಳು ಸಿಗುವುದೂ ಕಷ್ಟ, ಬಿಸಿಲು ಸಿಗುವುದೂ ಕಷ್ಟ. ಎರಡು ಮಳೆಗಾಲದ ಹಿಂದೆ ನಮ್ಮಲ್ಲಿ ಮದ್ದು ಬಿಡುವವರು ಮೇಲಿನ ತೋಟ ಮುಗಿಸಿ, ನಡುವಿನದ್ದನ್ನೂ ಮುಗಿಸಿ, ಹೊಳೆಬದಿಯ ಮೂರನೆಯ ತೋಟಕ್ಕೆ ಇಳಿಯುವಾಗ ಮಳೆ ಬಂತು. ಅವರು ಪೈಪು ಸುತ್ತಿ ಹೋದರು. ನಾವು ಕೊಡೆಯಡಿಯಲ್ಲಿ ನಿಂತು ಫೋನು ತೆಗೆದು, ಪಟ್ಟಿಯಲ್ಲಿ ಎರಡನೆಯ ತೋಟಕ್ಕೆ ಗುರುತು ಹಾಕಿದೆವು. ಬೆರಳೂ ಒದ್ದೆ, ತೆರೆಯೂ ಒದ್ದೆ. ಗುರುತು ಎರಡನೆಯದಕ್ಕೂ ಬಿತ್ತು, ಮೂರನೆಯದಕ್ಕೂ ಬಿತ್ತು. ಅದನ್ನು ನಾವು ನೋಡಲಿಲ್ಲ.

ಹನ್ನೆರಡು ದಿನ ಕಳೆದು ಬಿಸಿಲು ಬಂದಾಗ ಮದ್ದಿನವರು ಫೋನು ಮಾಡಿ, "ನಿಮ್ಮಲ್ಲಿ ಬಾಕಿ ಉಂಟಾ?" ಎಂದು ಕೇಳಿದರು. ಪಟ್ಟಿ ನೋಡಿ, "ಇಲ್ಲ, ಮುಗಿದಿದೆ" ಎಂದೆವು. ಮನೆಯಲ್ಲಿ ಅಮ್ಮ, "ಹೊಳೆಬದಿಗೆ ಮದ್ದು ಬೀಳಲಿಲ್ಲ ಅಂತ ಕಾಣ್ತದೆ, ಸೋಗೆಯಲ್ಲಿ ನೀಲಿ ಇಲ್ಲ" ಎಂದಿದ್ದರು. ನಾವು ಅಮ್ಮನ ಕಣ್ಣಿಗಿಂತ ಫೋನಿನ ಗುರುತನ್ನು ನಂಬಿದೆವು. ಮದ್ದಿನವರು ಬೇರೆ ಕಡೆಗೆ ಹೋದರು. ಮತ್ತೆ ಮಳೆ ಹಿಡಿಯಿತು. ಆಟಿ ಕಳೆಯುವಾಗ ಆ ತೋಟದ ಬುಡಗಳಲ್ಲಿ ಹಸಿರು ಕಾಯಿ ಹಾಸಿದ ಹಾಗೆ ಬಿದ್ದಿತ್ತು. ಆ ತೋಟದ ಫಸಲಿನಲ್ಲಿ ಅರ್ಧಕ್ಕಿಂತ ಹೆಚ್ಚು ಹೋಯಿತು.

ಇದರಲ್ಲಿ ಮದ್ದಿನವರ ತಪ್ಪಿಲ್ಲ, ಫೋನು ಮಾಡಿದ ಕಂಪೆನಿಯ ತಪ್ಪೂ ಇಲ್ಲ. ಕೆಲಸಕ್ಕೆ ತಕ್ಕ ಸಾಧನ ಹಿಡಿಯದೆ ಇದ್ದದ್ದು, ಬರೆದದ್ದನ್ನು ಮತ್ತೊಮ್ಮೆ ಓದದೆ ಇದ್ದದ್ದು ನಮ್ಮದೇ ತಪ್ಪು.

ಮುಟ್ಟುವ ತೆರೆ ಮಳೆಯಲ್ಲಿ ಏಕೆ ತಪ್ಪುತ್ತದೆ?

ಈಗಿನ ಫೋನಿನ ತೆರೆಗೆ ಬೆರಳಿನ ಒತ್ತಡ ತಿಳಿಯುವುದಿಲ್ಲ. ತೆರೆಯ ಅಡಿಯಲ್ಲಿ ಕಣ್ಣಿಗೆ ಕಾಣದ ವಿದ್ಯುತ್ ಜಾಲವಿದೆ. ನಮ್ಮ ಬೆರಳು ವಿದ್ಯುತ್ತನ್ನು ಸ್ವಲ್ಪ ಎಳೆದುಕೊಳ್ಳುವ ವಸ್ತುವಾದುದರಿಂದ, ಬೆರಳು ಸಮೀಪ ಬಂದ ಜಾಗದಲ್ಲಿ ಆ ಜಾಲದಲ್ಲಿ ವ್ಯತ್ಯಾಸವಾಗುತ್ತದೆ. ಇಂತಹ ಕಡೆ ಮುಟ್ಟಿದ್ದಾರೆಂದು ಫೋನು ಅದರಿಂದ ತಿಳಿದುಕೊಳ್ಳುತ್ತದೆ. ನೀರಿಗೂ ಇದೇ ಗುಣವಿದೆ. ಆದುದರಿಂದ ತೆರೆಯ ಮೇಲೆ ಹನಿ ಬಿದ್ದರೆ ಫೋನಿಗೆ ಹನಿ ಯಾವುದು, ಬೆರಳು ಯಾವುದು ಎಂದು ಗೊಂದಲವಾಗುತ್ತದೆ. ಮದ್ದು ಬಿಡುವಾಗ ಹಾಕುವ ರಬ್ಬರು ಕೈಗವಸು ಇದ್ದರೆ ಹೆಚ್ಚಿನ ತೆರೆಗಳಿಗೆ ಬೆರಳು ಬಂದದ್ದೇ ಗೊತ್ತಾಗುವುದಿಲ್ಲ.

ಗುಂಡಿಗೆ ಈ ತೊಂದರೆ ಇಲ್ಲ. ಒತ್ತಿದರೆ ಒತ್ತಿತು, ಇಲ್ಲವಾದರೆ ಇಲ್ಲ. ಒತ್ತಿದ್ದು ಬೆರಳಿಗೇ ತಿಳಿಯುತ್ತದೆ, ಕಣ್ಣು ಬೇಕೆಂದಿಲ್ಲ. ಕೀಲಿಮಣೆಯ ಮುಖ್ಯ ಲಾಭ ಇದುವೇ. ವೇಗದ ಮಾತು ಆಮೇಲಿನದು.

ಕೈಗಣಕ ನಮಗೆ ಹೊಸತಲ್ಲ

"ಕೈಗಣಕ" ಎಂದೊಡನೆ ಪೇಟೆಯ ಆಫೀಸಿನವರ ವಸ್ತು ಎಂದು ತಿಳಿಯಬೇಕಾಗಿಲ್ಲ. ಪಿಗ್ಮಿ ಸಂಗ್ರಹಕ್ಕೆ ಬರುವವರ ಕೈಯಲ್ಲಿ ನಾವು ನೋಡಿದ, ಗುಂಡಿ ಒತ್ತಿದರೆ ಚೀಟಿ ಬರುವ ಯಂತ್ರ ಕೈಗಣಕವೇ. ಬಸ್ಸಿನ ನಿರ್ವಾಹಕರು ಟಿಕೆಟ್ ಕೊಡುವ ಯಂತ್ರವೂ, ಕರೆಂಟು ಬಿಲ್ಲಿನವರು ಅಂಗಳದಲ್ಲಿ ನಿಂತು ಬಿಲ್ಲು ಹರಿದು ಕೊಡುವ ಯಂತ್ರವೂ ಹಾಗೆಯೇ. ಪಿಗ್ಮಿ ಠೇವಣಿಯೆಂಬುದು ನಮ್ಮ ಕರಾವಳಿಯದ್ದೇ ಕ್ರಮ. ಉಡುಪಿಯಲ್ಲಿ 1925ರಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಅದನ್ನು ಆರಂಭಿಸಿತು. ಅಂದು ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದದ್ದು ಮುಂದೆ ಗುಂಡಿಯ ಯಂತ್ರಕ್ಕೆ ಬಂತು. ನಡೆಯುತ್ತಾ, ನಿಂತುಕೊಂಡು, ಒಂದೇ ಕೈಯಲ್ಲಿ ಅಂಕೆ ಒತ್ತುವುದು ಆ ಕೆಲಸ. ಅದಕ್ಕೆ ದೊಡ್ಡ ಅಂಕೆಯ ಗುಂಡಿಗಳಿರುವ ಯಂತ್ರವನ್ನೇ ಆರಿಸಿದರು. ಕೆಲಸ ನೋಡಿ ಯಂತ್ರ ಆರಿಸಿದ್ದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ಹೊರಗಿನ ಲೋಕದಲ್ಲಿ ಕೈಗಣಕ ಇದಕ್ಕಿಂತ ಬೇರೆ ದಾರಿಯಲ್ಲಿ ಬೆಳೆಯಿತು. ಇಂಗ್ಲೆಂಡಿನ ಸೈಯಾನ್ ಕಂಪೆನಿ 1984ರಲ್ಲಿ ಆರ್ಗನೈಸರ್ ಎಂಬ ಸಣ್ಣ ಯಂತ್ರವನ್ನು ಹೊರತಂದಿತು. ಅಮೆರಿಕದ ಹ್ಯೂಲೆಟ್ ಪ್ಯಾಕರ್ಡ್ ಕಂಪೆನಿಯ 200ಎಲ್‌ಎಕ್ಸ್ ಬಂದದ್ದು 1994ರಲ್ಲಿ. ಪುಸ್ತಕದಂತೆ ಮಡಚುವ ಆ ಯಂತ್ರ ಎರಡು ಪೆನ್ ಸೆಲ್ಲುಗಳಲ್ಲಿ ನಡೆಯುತ್ತಿತ್ತು. ನೋಕಿಯಾದ ಕಮ್ಯುನಿಕೇಟರ್ 1996ರಲ್ಲಿ ಬಂತು. ಅದು ಫೋನೂ ಹೌದು, ಕೀಲಿಮಣೆಯೂ ಹೌದು. ಆಮೇಲೆ ಹೆಬ್ಬೆರಳಿನಿಂದ ಒತ್ತುವ ಬ್ಲ್ಯಾಕ್‌ಬೆರಿ ಜನಪ್ರಿಯವಾಯಿತು. 2007ರಲ್ಲಿ ಐಫೋನು ಬಂದ ಬಳಿಕ ಕೀಲಿಮಣೆ ಹಿಂದೆ ಸರಿದು, ತೆರೆಯೇ ಎಲ್ಲವೂ ಆಯಿತು. ಇಂದು ಪೂರ್ಣ ಕೀಲಿಮಣೆ ಇರುವ ಫೋನು, ಮಡಚುವ ಕೈಗಣಕ ಇಲ್ಲವೆಂದಲ್ಲ. ಆದರೆ ಮಾಡುವವರು ಕಡಿಮೆ, ತರಿಸಬೇಕಾದದ್ದು ದೂರದಿಂದ, ಕೆಟ್ಟರೆ ಪುತ್ತೂರಿನಲ್ಲಾಗಲಿ ಸುಳ್ಯದಲ್ಲಾಗಲಿ ರಿಪೇರಿಯಾದೀತೆಂಬ ಭರವಸೆ ಇಲ್ಲ.

ಮೊದಲು ಕೆಲಸವನ್ನು ವಿಂಗಡಿಸಿ

ಸಣ್ಣ ಬೆಳೆಗಾರನಿಗೆ ಮನೆಯಿಂದ ಹೊರಗೆ ಇರುವ ಬರವಣಿಗೆಯ ಕೆಲಸವನ್ನು ನಾವು ಮೂರಾಗಿ ವಿಂಗಡಿಸುತ್ತೇವೆ.

ಒಂದನೆಯದು, ಅಂಕೆಯ ಕೆಲಸ. ಮದ್ದು ಬಿಟ್ಟ ಸಾಲು, ಗೊಬ್ಬರ ಹಾಕಿದ ಮರ, ಆಳುಲೆಕ್ಕ, ಕೊಯ್ದ ಗೊನೆ, ಮೇಲಿನ ಊರಿನವರಿಗಾದರೆ ಕಾಫಿ ಕೊಯ್ಲಿನ ತೂಕ. ಇಲ್ಲಿ ಅಕ್ಷರ ಕಡಿಮೆ, ಅಂಕೆ ಹೆಚ್ಚು. ಒಂದು ಕೈಯಲ್ಲಿ ಕೊಡೆಯೋ ದೋಟಿಯೋ ಇರುತ್ತದೆ. ಇದಕ್ಕೆ ಅಂಕೆಯ ಗುಂಡಿ ಇರುವ ಸಾಧನ ಸಾಕು, ಅದೇ ಉತ್ತಮ.

ಎರಡನೆಯದು, ಅಕ್ಷರದ ಕೆಲಸ. ಸಂಘದ ಸಭೆಯ ನಡಾವಳಿ, ಬೆಳೆಹಾನಿಯ ಅರ್ಜಿ, ರೋಗ ಬಂದ ತೋಟ ನೋಡಿ ಬಂದ ವರದಿ, ನಮ್ಮ ಈ ಪತ್ರಿಕೆಗೆ ಲೇಖನ. ಇದನ್ನು ಕೋಡಿಂಬಾಳ ಸ್ಟೇಶನಿನಲ್ಲಿ ರೈಲಿಗೆ ಕಾಯುವಾಗಲೂ ಬರೆಯಬಹುದು, ಯಾರದ್ದೋ ಮನೆಯ ಜಗಲಿಯಲ್ಲೂ ಬರೆಯಬಹುದು. ಮಳೆಯಲ್ಲಿ ನಿಂತು ಬರೆಯಬೇಕಾಗಿಲ್ಲ. ಇದಕ್ಕೆ ಪೂರ್ಣ ಕೀಲಿಮಣೆ ಬೇಕು, ಕನ್ನಡ ಬೇಕು.

ಮೂರನೆಯದು, ಫೋಟೋ ಮತ್ತು ಸ್ಥಳದ ಕೆಲಸ. ಬೆಳೆ ಸಮೀಕ್ಷೆಯ ಆ್ಯಪಿನಲ್ಲಿ ಸರ್ವೆ ನಂಬ್ರದ ಒಳಗೆ ನಿಂತು ಫೋಟೋ ತೆಗೆದು ಕಳುಹಿಸಬೇಕು. ಪಹಣಿಯಲ್ಲಿ ಅಡಿಕೆ, ಕಾಳುಮೆಣಸು ಸರಿಯಾಗಿ ಬಾರದಿದ್ದರೆ ಬೆಳೆವಿಮೆಗೆ ತೊಡಕಾಗುವುದರಿಂದ ಇದನ್ನು ಬಿಡುವ ಹಾಗಿಲ್ಲ. ಈ ಕೆಲಸಕ್ಕೆ ಮುಟ್ಟುವ ತೆರೆಯ ಫೋನೇ ಬೇಕು. ಕೀಲಿಮಣೆಯಿಂದ ಇಲ್ಲಿ ಪ್ರಯೋಜನವಿಲ್ಲ.

ಮೂರನ್ನೂ ಮಾಡುವ ಒಂದೇ ಯಂತ್ರವನ್ನು ಹುಡುಕಲು ಹೊರಟವರು ಸಾಮಾನ್ಯವಾಗಿ ಹೆಚ್ಚು ಹಣ ಕೊಟ್ಟು, ಮೂರರಲ್ಲೂ ಅರ್ಧ ತೃಪ್ತಿ ಪಡುತ್ತಾರೆ. ಕತ್ತಿಯೂ ಪಿಕ್ಕಾಸೂ ಒಂದೇ ಆಗಬೇಕೆಂದು ನಾವು ಹಟ ಹಿಡಿಯುವುದಿಲ್ಲವಷ್ಟೆ.

ಕೀಲಿಮಣೆಯನ್ನು ಅಳೆದು ನೋಡಿ

ಕೀಲಿಮಣೆಯ ವಿಷಯದಲ್ಲಿ ಒಂದು ಅಳತೆ ತಿಳಿದಿದ್ದರೆ ಸಾಕು. ಮೇಜಿನ ಗಣಕದ ಕೀಲಿಮಣೆಯಲ್ಲಿ ಒಂದು ಕೀಲಿಯ ನಡುವಿನಿಂದ ಪಕ್ಕದ ಕೀಲಿಯ ನಡುವಿಗೆ ಸುಮಾರು 19 ಮಿಲಿಮೀಟರ್. ಅಕ್ಷರಗಳ ಒಂದು ಸಾಲಿನಲ್ಲಿ ಹತ್ತು ಕೀಲಿಗಳಿರುವುದರಿಂದ ಅಕ್ಷರಕ್ಕೇ 19 ಸೆಂಟಿಮೀಟರ್ ಬೇಕಾಯಿತು. ಕೈಗಣಕದ ಅಗಲವೇ 15 ಸೆಂಟಿಮೀಟರ್ ಎಂದಿಟ್ಟುಕೊಳ್ಳಿ. ಆಗ ಒಂದು ಕೀಲಿಗೆ ಹೆಚ್ಚೆಂದರೆ 15 ಮಿಲಿಮೀಟರ್. ಇದರಲ್ಲಿ ಅಭ್ಯಾಸ ಮಾಡಿಕೊಂಡು ಹತ್ತು ಬೆರಳಿನಲ್ಲಿ ಬರೆಯಬಹುದು. ಅಂಗೈಯಗಲದ ಫೋನಿನಲ್ಲಿ ಕೀಲಿ 10 ಮಿಲಿಮೀಟರಿಗಿಂತಲೂ ಕಡಿಮೆ. ಅಲ್ಲಿ ಎರಡು ಹೆಬ್ಬೆರಳು ಮಾತ್ರ ಕೆಲಸ ಮಾಡುತ್ತವೆ. ನಮ್ಮ ಹೆಬ್ಬೆರಳು ಆಫೀಸಿನವರದ್ದಲ್ಲ. ಅಡಿಕೆ ಸುಲಿದು, ಹಾರೆ ಹಿಡಿದು ದಪ್ಪವಾದದ್ದು. ಆದುದರಿಂದ ಅಂಗಡಿಗೆ ಹೋಗುವಾಗ ಶಾಲೆಯ ಮಕ್ಕಳ ಸ್ಕೇಲನ್ನು ಕಿಸೆಯಲ್ಲಿ ಇಟ್ಟುಕೊಂಡೇ ಹೋಗಿ. ನಾಚಿಕೆ ಬೇಡ.

ಅಳತೆಯ ಜೊತೆಗೆ ಇನ್ನು ಮೂರು ಗುಣ ನೋಡಬೇಕು. ಕೀಲಿ ಒತ್ತಿದಾಗ ಸ್ಪಷ್ಟವಾಗಿ ಕೆಳಗಿಳಿದು ಮೇಲೆ ಬರಬೇಕು. ಕೀಲಿಗಳ ನಡುವೆ ಬೆರಳಿಗೆ ತಿಳಿಯುವ ಸಂದು ಇರಬೇಕು. ಐದರ ಅಂಕೆಯ ಮೇಲೆ ಸಣ್ಣ ಗುಬುಟು ಇದ್ದರೆ ಕಣ್ಣು ಮುಚ್ಚಿಯೂ ಬೇರೆ ಅಂಕೆಗಳನ್ನು ಹುಡುಕಬಹುದು.

ಎರಡನೆಯ ಬಗೆಯ ಕೆಲಸಕ್ಕೆ ಬೇರೆ ಯಂತ್ರವನ್ನೇ ಕೊಳ್ಳಬೇಕೆಂದಿಲ್ಲ. ಮನೆಯಲ್ಲಿರುವ ಫೋನಿಗೆ ಬ್ಲೂಟೂತ್ ಕೀಲಿಮಣೆಯನ್ನೋ, ಓಟಿಜಿ ತಂತಿಯ ಮೂಲಕ ಸಾಮಾನ್ಯ ಕೀಲಿಮಣೆಯನ್ನೋ ಜೋಡಿಸಬಹುದು. ಬ್ಲೂಟೂತಿನದ್ದಕ್ಕೆ ತಂತಿಯ ಗೊಡವೆ ಇಲ್ಲ, ಆದರೆ ಅದಕ್ಕೆ ಅದರದ್ದೇ ಬ್ಯಾಟರಿ ಇದೆ. ಅದನ್ನೂ ನೆನಪಿಟ್ಟು ಚಾರ್ಜ್ ಮಾಡಬೇಕು. ತಂತಿಯದ್ದು ಫೋನಿನ ಕರೆಂಟನ್ನೇ ಸ್ವಲ್ಪ ತಿನ್ನುತ್ತದೆ, ಆದರೆ ಸಿಕ್ಕಿಸಿದೊಡನೆ ಕೆಲಸಕ್ಕೆ ಸಿದ್ಧ. ಫೋನಿಗೆ ಒರಗಿಕೊಳ್ಳಲು ಒಂದು ಹಲಗೆ ತುಂಡು ಇದ್ದರೆ ಜಗಲಿಯೇ ಆಫೀಸು.

ಕನ್ನಡದ ಮಾತು

ಕೀಲಿಮಣೆಯಲ್ಲಿ ಕನ್ನಡ ಮೂಡಿಸುವ ವಿಷಯದಲ್ಲಿ ನಮ್ಮ ಜಿಲ್ಲೆಯವರು ಹೆಮ್ಮೆಪಡಬೇಕು. ಇಂದು ಕರ್ನಾಟಕದಲ್ಲಿ ಹೆಚ್ಚು ಬಳಕೆಯಲ್ಲಿರುವ ಕೀಲಿವಿನ್ಯಾಸವನ್ನು ರೂಪಿಸಿದ ಕೆ. ಪಿ. ರಾವ್ ಅವರ ಹೆಸರಿನ ಮೊದಲಕ್ಷರವೇ ಮಂಗಳೂರು ಬಳಿಯ ಕಿನ್ನಿಕಂಬಳವೆಂಬ ಊರು. ಅವರ ವಿನ್ಯಾಸದ ಗುಟ್ಟು ಸರಳ. ಮಾಮೂಲು ಇಂಗ್ಲಿಷ್ ಕೀಲಿಮಣೆಯ 26 ಅಕ್ಷರದ ಕೀಲಿಗಳಲ್ಲೇ ಕನ್ನಡ ಪೂರ್ತಿ ಬರುತ್ತದೆ. ವ್ಯಂಜನದ ಕೀಲಿ ಒತ್ತಿದರೆ ಅಕಾರ ಸೇರಿಯೇ ಬರುತ್ತದೆ, ಸ್ವರದ ಕೀಲಿ ಒತ್ತಿದರೆ ಗುಣಿತವಾಗುತ್ತದೆ, ಒತ್ತಕ್ಷರ ಬೇಕಾದಲ್ಲಿ ನಡುವೆ ಎಫ್ ಕೀಲಿ ಒತ್ತಬೇಕು.

ಉದಾಹರಣೆಗೆ "ಅಡಿಕೆ" ಎಂದು ಬರೆಯಲು ಎ, ಡಬ್ಲ್ಯು, ಐ, ಕೆ, ಇ ಎಂಬ ಐದೇ ಕೀಲಿ ಸಾಕು. ಡಬ್ಲ್ಯು ಎಂಬುದು ಇಲ್ಲಿ "ಡ". "ಪುತ್ತೂರು" ಎನ್ನಲು ಪಿ, ಯು, ಟಿ, ಎಫ್, ಟಿ ಒತ್ತಿ, ದೀರ್ಘಕ್ಕಾಗಿ ಶಿಫ್ಟ್ ಹಿಡಿದು ಯು, ಆಮೇಲೆ ಆರ್, ಯು. ಒಂದು ವಾರ ದಿನಕ್ಕೆ ಅರ್ಧ ಗಂಟೆ ಅಭ್ಯಾಸ ಮಾಡಿದರೆ ಕೈ ಕುದುರುತ್ತದೆ. ನಮ್ಮಲ್ಲಿ ಅರುವತ್ತು ದಾಟಿದವರೂ ಕಲಿತಿದ್ದಾರೆ.

ಕೇಂದ್ರ ಸರಕಾರದ ಇನ್‌ಸ್ಕ್ರಿಪ್ಟ್ ಎಂಬ ಇನ್ನೊಂದು ವಿನ್ಯಾಸವಿದೆ. ಅದರಲ್ಲಿ ಸ್ವರಗಳು ಎಡಗೈಗೆ, ವ್ಯಂಜನಗಳು ಹೆಚ್ಚಾಗಿ ಬಲಗೈಗೆ. ಮಲಯಾಳವನ್ನೂ ಹಿಂದಿಯನ್ನೂ ಬರೆಯಬೇಕಾದವರಿಗೆ ಇದು ಅನುಕೂಲ, ಏಕೆಂದರೆ ಒಂದೇ ಧ್ವನಿ ಎಲ್ಲ ಲಿಪಿಗಳಲ್ಲಿಯೂ ಒಂದೇ ಕೀಲಿಯಲ್ಲಿದೆ.

ಇಲ್ಲಿ ಎರಡು ಎಚ್ಚರಿಕೆ. ಫೋನಿನ ತೆರೆಯ ಮೇಲೆ ಕನ್ನಡ ಕೀಲಿಮಣೆ ಮೂಡುತ್ತದೆ ಎಂದ ಮಾತ್ರಕ್ಕೆ, ಹೊರಗಿನಿಂದ ಜೋಡಿಸಿದ ಕೀಲಿಮಣೆಯಲ್ಲಿಯೂ ಕನ್ನಡ ಬಂದೀತೆಂದು ತಿಳಿಯಬೇಡಿ. ಅದು ಬೇರೆಯೇ ವ್ಯವಸ್ಥೆ. ಕೊಳ್ಳುವ ಮೊದಲು ನಿಮ್ಮದೇ ಫೋನಿಗೆ ಜೋಡಿಸಿ, "ಕೊಳೆರೋಗ", "ಸುಬ್ರಹ್ಮಣ್ಯ" ಎಂಬ ಎರಡು ಪದ ಬರೆಸಿ ನೋಡಿ. ಎರಡನೆಯ ಎಚ್ಚರಿಕೆ, ಬರೆದದ್ದು ಯೂನಿಕೋಡಿನಲ್ಲಿ ಇರಲಿ. ಹಳೆಯ ಅಕ್ಷರಶೈಲಿಗಳಲ್ಲಿ ಬರೆದ ಕನ್ನಡ ಇನ್ನೊಂದು ಯಂತ್ರಕ್ಕೆ ಹೋದಾಗ ಅರ್ಥವಿಲ್ಲದ ಗೀಚಾಗುವುದನ್ನು ಸಂಘದ ಕಚೇರಿಗಳಲ್ಲಿ ಕೆಲಸ ಮಾಡಿದವರೆಲ್ಲ ನೋಡಿದ್ದಾರೆ.

ಮಳೆ, ಧೂಳು, ಬ್ಯಾಟರಿ

ಹೊರಗಿನ ಕೆಲಸಕ್ಕೆಂದು ಮಾರುವ ಯಂತ್ರಗಳ ಮೇಲೆ ಐಪಿ ಎಂಬ ಅಕ್ಷರದ ಮುಂದೆ ಎರಡು ಅಂಕೆ ಇರುತ್ತದೆ. ಮೊದಲನೆಯದು ಧೂಳಿಗೆ, ಎರಡನೆಯದು ನೀರಿಗೆ. ಐಪಿ 54 ಎಂದರೆ ನೀರಿನ ಸಿಂಪಡಿಕೆಯನ್ನು ತಡೆದೀತು. ಐಪಿ 65 ಎಂದರೆ ಧೂಳು ಒಳಹೋಗದು, ಪೈಪಿನ ನೀರು ಹಾಯಿಸಿದರೂ ತಡೆದೀತು. ಐಪಿ 67 ಆದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿದರೂ ನಿಲ್ಲಬೇಕು. ಆದರೆ ಈ ಪರೀಕ್ಷೆ ಶುದ್ಧ ನೀರಿನದ್ದು. ಮೈಲುತುತ್ತು, ಸುಣ್ಣ ಬೆರೆಸಿದ ನೀರಿಗೆ ಅದು ಮಾತು ಕೊಟ್ಟಿಲ್ಲ. ಯಾವುದೇ ಯಂತ್ರವಾದರೂ ಮದ್ದಿನ ಡ್ರಮ್ಮಿನಿಂದ ದೂರವಿಡುವುದು ಲೇಸು. ಸಾಮಾನ್ಯ ಸೆಟ್ಟಿಗೆ ಬಿಗಿಯಾಗಿ ಮುಚ್ಚುವ ತೆಳು ಪ್ಲಾಸ್ಟಿಕ್ ಚೀಲ ಹಾಕಿದರೆ ಅದರ ಮೇಲಿಂದಲೇ ಗುಂಡಿ ಒತ್ತಬಹುದು.

ಬ್ಯಾಟರಿಯನ್ನು ಬಿಚ್ಚಿ ಬದಲಿಸುವ ಹಾಗಿದ್ದರೆ ಅದಕ್ಕೆ ಹೆಚ್ಚು ಅಂಕ ಕೊಡಿ. ಮಳೆಗಾಲದಲ್ಲಿ ಎರಡು ದಿನ ಕರೆಂಟು ಇಲ್ಲದೆ ಹೋಗುವುದು ನಮಗೆ ಅಪರೂಪವಲ್ಲ. ಗುಡುಗು ಮಿಂಚಿನ ಹೊತ್ತಿಗೆ ಚಾರ್ಜರನ್ನು ಗೋಡೆಯಿಂದ ಬಿಡಿಸಿಡುವುದನ್ನು ಮಕ್ಕಳಿಗೂ ಹೇಳಿಕೊಡಿ.

ಲೆಕ್ಕ ಹೊರಗೆ ಬರುವ ದಾರಿ

ಯಂತ್ರದ ಒಳಗೆ ಲೆಕ್ಕ ಹಾಕುವುದು ಸುಲಭ. ಅದನ್ನು ಹೊರಗೆ ತೆಗೆಯುವುದು ಹೇಗೆಂದು ಕೊಳ್ಳುವಾಗಲೇ ಕೇಳಬೇಕು. ಏಕೆಂದರೆ ಯಂತ್ರದ ಆಯುಸ್ಸು ನಮ್ಮ ಕೈಯಲ್ಲಿ ಇಲ್ಲ.

ನಮ್ಮ ರಾಜ್ಯದ್ದೇ ಒಂದು ಕಥೆ ಕೇಳಿ. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದ ಅಧ್ಯಾಪಕರೂ ಕೆಲವು ತಂತ್ರಜ್ಞರೂ ಸೇರಿ ಸಿಂಪ್ಯೂಟರ್ ಎಂಬ ಕೈಗಣಕವನ್ನು ರೂಪಿಸಿದರು. ಹಳ್ಳಿಯವರಿಗೆ, ಅವರ ಭಾಷೆಯಲ್ಲಿ, ಕಡಿಮೆ ಬೆಲೆಗೆ ಎಂಬುದು ಅದರ ಗುರಿ. ಅದರಲ್ಲಿ ಕನ್ನಡವೂ ಇತ್ತು. ಕೀಲಿಮಣೆ ಇರಲಿಲ್ಲ, ಕಡ್ಡಿಯಿಂದ ತೆರೆಯನ್ನು ಒತ್ತಬೇಕಾಗಿತ್ತು. 2004ರಲ್ಲಿ ಭಾರತ್ ಇಲೆಕ್ಟ್ರಾನಿಕ್ಸ್ ಸಂಸ್ಥೆಯ ಮೂಲಕ ಅದು ಅಮಿಡಾ ಎಂಬ ಹೆಸರಿನಲ್ಲಿ ಮಾರಾಟಕ್ಕೂ ಬಂತು. ಉದ್ದೇಶ ಒಳ್ಳೆಯದು, ಕೆಲಸವೂ ಒಳ್ಳೆಯದು. ಆದರೆ ಅದೇ ಹೊತ್ತಿಗೆ ಮೊಬೈಲ್ ಫೋನು ಅಗ್ಗವಾಗುತ್ತ ಹೋದುದರಿಂದ ಸಿಂಪ್ಯೂಟರ್ ಪೇಟೆಯಲ್ಲಿ ನಿಲ್ಲಲಿಲ್ಲ.

ದೊಡ್ಡ ಕಂಪೆನಿಯದ್ದಾದರೆ ಭಯವಿಲ್ಲವೆಂದೂ ಹೇಳುವ ಹಾಗಿಲ್ಲ. 2022ರ ಜನವರಿ 4ರಂದು ಬ್ಲ್ಯಾಕ್‌ಬೆರಿ ಕಂಪೆನಿ ತನ್ನ ಹಳೆಯ ಫೋನುಗಳಿಗೆ ಕೊಡುತ್ತಿದ್ದ ಸೇವೆಯನ್ನು ನಿಲ್ಲಿಸಿತು. ಕೀಲಿ ಗಟ್ಟಿಯಾಗಿದ್ದ ಸೆಟ್ಟುಗಳೂ ಅಂದಿನಿಂದ ನಂಬಿಕೆಗೆ ಅನರ್ಹವಾದವು.

ಆದುದರಿಂದ ಯಂತ್ರ ಸತ್ತರೂ ಲೆಕ್ಕ ಉಳಿಯಬೇಕು. ಆ ಕಂಪೆನಿಯ ಯಂತ್ರದಲ್ಲಿ ಮಾತ್ರ ತೆರೆಯುವ ಕಡತವಾದರೆ ಬೇಡ. ಸಾದಾ ಅಕ್ಷರದ ಕಡತವಾಗಿಯೋ, ಕೋಷ್ಟಕವಾಗಿಯೋ, ಸಂದೇಶವಾಗಿಯೋ ಹೊರಬರಬೇಕು. ಚೀಟಿ ಮುದ್ರಿಸುವ ಯಂತ್ರವಿದ್ದರೆ ಆಳಿನ ಕೈಗೂ ಒಂದು ಪ್ರತಿ ಕೊಡಬಹುದು, ಅದು ಒಳ್ಳೆಯ ಕ್ರಮ. ಆದರೆ ಆ ಚೀಟಿ ಬಿಸಿಯಿಂದ ಮೂಡುವ ಮುದ್ರಣ. ಬಿಸಿಲಿಗೂ ಬೆವರಿಗೂ ಮಾಸಿಹೋಗುತ್ತದೆ. ಮುಂದಿನ ವರ್ಷಕ್ಕೆ ಅದು ದಾಖಲೆಯಾಗಿ ಉಳಿಯುವುದಿಲ್ಲ.

ನಾವು ಮಾಡಿಕೊಂಡ ಕ್ರಮ

ಇಷ್ಟೆಲ್ಲ ನೋಡಿ ನಾವು ಕೊನೆಗೆ ಹೊಸ ಕೈಗಣಕವನ್ನು ಕೊಳ್ಳಲಿಲ್ಲ. ಮನೆಯ ಕಪಾಟಿನಲ್ಲಿ ಇದ್ದ ಹಳೆಯ ಕೀಪ್ಯಾಡ್ ಸೆಟ್ಟನ್ನೇ ತೋಟದ ಗಣಕ ಮಾಡಿದೆವು. ತೋಟದಿಂದಲೇ ಮನೆಯ ಫೋನಿಗೆ ಅಂಕೆಯ ಸಂದೇಶ ಕಳುಹಿಸುವುದು ಕ್ರಮ. ತಾರೀಕು, ಗಂಟೆ ತಾನಾಗಿ ಬೀಳುತ್ತದೆ. ಬರೆದದ್ದು ಎರಡು ಕಡೆ ಉಳಿಯುತ್ತದೆ. ಇಂಟರ್‌ನೆಟ್ ಸಿಗದ ಕಡೆಯಲ್ಲೂ ಒಂದು ಕಡ್ಡಿ ಸಿಗ್ನಲ್ ಇದ್ದರೆ ಹೋಗುತ್ತದೆ.

ಸಂದೇಶದಲ್ಲಿ 12 ಅಂಕೆ. ಎರಡೆರಡರಂತೆ ಆರು ಜೊತೆ: ತೋಟ, ಮೊದಲ ಸಾಲು, ಕೊನೆಯ ಸಾಲು, ಕೆಲಸ, ಆಳು, ಡ್ರಮ್ಮು. ಕೆಲಸಕ್ಕೆ 01 ಎಂದರೆ ಮೊದಲ ಮದ್ದು, 02 ಎಂದರೆ ಎರಡನೆಯ ಮದ್ದು, 03 ಗೊಬ್ಬರ, 04 ಕೊಯ್ಲು, ಹೀಗೆ. ಈ ಪಟ್ಟಿಯನ್ನು ಅಡಿಗೆಮನೆಯ ಬಾಗಿಲಿಗೆ ಅಂಟಿಸಿದ್ದೇವೆ.

030109020302 ಎಂದು ಬಂತೆನ್ನಿ. ಮೂರನೆಯ ತೋಟ, ಒಂದರಿಂದ ಒಂಬತ್ತನೆಯ ಸಾಲು, ಎರಡನೆಯ ಮದ್ದು, ಮೂರು ಆಳು, ಎರಡು ಡ್ರಮ್ಮು. ನಮ್ಮದು 200 ಲೀಟರಿನ ಡ್ರಮ್ಮು. ಶೇಕಡಾ 1ರ ಬೋರ್ಡೋ ಎಂದರೆ 100 ಲೀಟರಿಗೆ ಮೈಲುತುತ್ತು ಒಂದು ಕಿಲೋ, ಸುಣ್ಣ ಒಂದು ಕಿಲೋ. ಎರಡು ಡ್ರಮ್ಮಿಗೆ ನಾಲ್ಕು ನಾಲ್ಕು ಕಿಲೋ ಮುಗಿದಿರಬೇಕು. ಚೀಲದಲ್ಲಿ ಉಳಿದದ್ದಕ್ಕೂ ಇದಕ್ಕೂ ತಾಳೆಯಾಗದಿದ್ದರೆ ಎಲ್ಲೋ ತಪ್ಪಿದೆ. ಅಂಕೆ ಹನ್ನೆರಡಕ್ಕೆ ಕಡಿಮೆಯೋ ಹೆಚ್ಚೋ ಆದರೂ ತಪ್ಪೆಂದು ಕೂಡಲೇ ತಿಳಿಯುತ್ತದೆ.

ಕಾಫಿ ಕೊಯ್ಲಿಗೂ ಇದೇ ಉಪಾಯ. ಆಳಿನ ಸಂಖ್ಯೆ ಎರಡಂಕೆ, ತೂಕ ನಾಲ್ಕಂಕೆ. 070485 ಎಂದರೆ ಏಳನೆಯವರದ್ದು 48.5 ಕಿಲೋ. ತೂಕದ ಜಾಗದಲ್ಲೇ ಒತ್ತಿ, ಕೊಯ್ದವರಿಗೆ ಓದಿ ಹೇಳಿ, ಅವರು ಹೂಂ ಎಂದ ಮೇಲೆ ಕಳುಹಿಸಬೇಕು. ಕೂಲಿಯ ಲೆಕ್ಕದಲ್ಲಿ ಯಂತ್ರಕ್ಕಿಂತ ಆ ಹೂಂಕಾರ ದೊಡ್ಡದು.

ಕನ್ನಡದಲ್ಲೇ ಸಂದೇಶ ಬರೆಯಬಾರದೇ ಎಂದರೆ, ಬರೆಯಬಹುದು. ಆದರೆ ಹನ್ನೆರಡು ಗುಂಡಿಯಲ್ಲಿ ಐವತ್ತು ಅಕ್ಷರ ಹುಡುಕುವುದು ಮಳೆಯಲ್ಲಿ ಆಗುವ ಕೆಲಸವಲ್ಲ. ಅಲ್ಲದೆ ಇಂಗ್ಲಿಷ್ ಅಕ್ಷರ, ಅಂಕೆಗಳಾದರೆ ಒಂದು ಸಂದೇಶಕ್ಕೆ 160 ಹಿಡಿಸುತ್ತದೆ. ಕನ್ನಡವಾದರೆ 70, ಅದರಲ್ಲೂ "ಕೊ" ಎಂಬಂತಹ ಗುಣಿತಕ್ಷರ ಎರಡರ ಜಾಗ ಹಿಡಿಯುತ್ತದೆ.

ಕಳೆದ ಮಳೆಗಾಲ ಪೂರ್ತಿ ಇದೇ ಕ್ರಮದಲ್ಲಿ ನಡೆಸಿದೆವು. ತಪ್ಪೇ ಆಗಲಿಲ್ಲವೆಂದು ಹೇಳುವುದಿಲ್ಲ. ಒಂದು ದಿನ ಸಂದೇಶ ಹೋಗದೆ ಸೆಟ್ಟಿನಲ್ಲೇ ಉಳಿದಿತ್ತು. ಆದರೆ ರಾತ್ರಿ ಊಟಕ್ಕೆ ಮೊದಲು ಎರಡು ಫೋನನ್ನೂ ಎದುರಿಟ್ಟು, ಒಬ್ಬರು ಓದಿ ಇನ್ನೊಬ್ಬರು ಪುಸ್ತಕಕ್ಕೆ ಬರೆಯುವ ಪದ್ಧತಿ ಇಟ್ಟುಕೊಂಡದ್ದರಿಂದ ಅದು ಆ ರಾತ್ರಿಯೇ ಸಿಕ್ಕಿತು. ಓದುವುದು ನಾವು, ಬರೆಯುವುದು ಅಮ್ಮ. ಈಗ ಪುಸ್ತಕದಲ್ಲಿ ಇರುವುದಕ್ಕೂ ತೋಟದಲ್ಲಿ ಅವರು ಕಂಡದ್ದಕ್ಕೂ ಹೊಂದಿಕೆಯಾಗದಿದ್ದರೆ ನಾವು ಮೊದಲು ತೋಟಕ್ಕೆ ಹೋಗಿ ಸೋಗೆ ನೋಡಿ ಬರುತ್ತೇವೆ. ಹೊಳೆಬದಿಯ ತೋಟದಲ್ಲಿ ಈ ಬಾರಿ ಎರಡು ಮದ್ದೂ ಹೊತ್ತಿಗೆ ಬಿತ್ತು.

ಅಂಗಡಿಯಲ್ಲಿ ಮಾಡತಕ್ಕ ಪರೀಕ್ಷೆ

ಹೊಸದನ್ನೇ ಕೊಳ್ಳುವವರು ಹಣ ಕೊಡುವ ಮೊದಲು ಈ ಏಳು ಪರೀಕ್ಷೆ ಮಾಡಿ.

1. ಕೈಯನ್ನು ನೀರಿನಲ್ಲಿ ಅದ್ದಿ ಒರಸದೆ, 12 ಅಂಕೆ ಒತ್ತಿ. ಮೂರು ಸಲದಲ್ಲಿ ಒಮ್ಮೆ ತಪ್ಪಿದರೂ ತೋಟಕ್ಕೆ ಆಗದು.

2. ಎಡಗೈಯನ್ನು ಬೆನ್ನ ಹಿಂದೆ ಕಟ್ಟಿ, ಬಲಗೈ ಒಂದರಲ್ಲೇ ಹಿಡಿದು ಒತ್ತಲು ಆಗುತ್ತದೋ ನೋಡಿ.

3. ಅಂಗಡಿಯ ಹೊರಗೆ ಬಿಸಿಲಿಗೆ ಬಂದು, ತೆರೆಯಲ್ಲಿ ಬರೆದದ್ದು ಕಾಣುತ್ತದೋ ನೋಡಿ.

4. ಅಕ್ಷರದ ಕೆಲಸಕ್ಕಾದರೆ ಕೀಲಿಯ ಅಳತೆ ತೆಗೆಯಿರಿ. ಕನ್ನಡದ ಒಂದು ಪೂರ್ಣ ವಾಕ್ಯ ಬರೆದು, ಇನ್ನೊಬ್ಬರ ಫೋನಿಗೆ ಕಳುಹಿಸಿ ಓದಿಸಿ.

5. ನಿಮ್ಮ ಸಿಮ್ಮನ್ನು ಹಾಕಿ ನೋಡಿ. ಜಿಯೋ ಜಾಲಕ್ಕೆ 4ಜಿ ಸೆಟ್ಟೇ ಬೇಕು. 2ಜಿ ಮಾತ್ರ ಇರುವ ಹಳೆಯ ಸೆಟ್ಟಿನಲ್ಲಿ ಅದು ನಡೆಯದು. ರೀಚಾರ್ಜಿನಲ್ಲಿ ಸಂದೇಶದ ಸೌಲಭ್ಯ ಇದೆಯೇ ಎಂಬುದನ್ನೂ ಕೇಳಿ.

6. ಬ್ಯಾಟರಿ, ಚಾರ್ಜರು ಊರಿನ ಪೇಟೆಯಲ್ಲಿ ಸಿಗುತ್ತದೋ ವಿಚಾರಿಸಿ. ಮಂಗಳೂರಿಗೇ ಹೋಗಬೇಕೆಂದಾದರೆ ಆ ಖರ್ಚನ್ನು ಬೆಲೆಗೆ ಸೇರಿಸಿ ಲೆಕ್ಕ ಹಾಕಿ.

7. ಬರೆದದ್ದನ್ನು ಹೊರತೆಗೆದು ತೋರಿಸಲು ಅಂಗಡಿಯವರಿಗೆ ಹೇಳಿ. ತೋರಿಸಲಾಗದಿದ್ದರೆ ಆ ಯಂತ್ರವನ್ನು ಅಲ್ಲಿಯೇ ಬಿಡಿ.

ಕೊನೆಯ ಮಾತು

ಸಂಘಕ್ಕೆ ಮನೆಮನೆಗೆ ಹೋಗಿ ತೂಕ ಬರೆಯುವ ಕೆಲಸವಿದ್ದರೆ, ಚೀಟಿ ಮುದ್ರಿಸುವ, ಅಂಕೆಯ ಗುಂಡಿಗಳ, ಐಪಿ 65 ಅಥವಾ ಅದಕ್ಕಿಂತ ಗಟ್ಟಿಯಾದ ಕೈಗಣಕವನ್ನು ಸಾಮೂಹಿಕವಾಗಿ ಕೊಳ್ಳುವುದರಲ್ಲಿ ಅರ್ಥವಿದೆ. ಹೆಚ್ಚು ಬರೆಯುವ ಸದಸ್ಯರಿಗೆ ಫೋನಿಗೆ ಜೋಡಿಸುವ ಕೀಲಿಮಣೆ ಸಾಕು. ಒಂದೆರಡು ಎಕ್ರೆಯ ಬೆಳೆಗಾರನಿಗೆ ಕಪಾಟಿನ ಹಳೆಯ ಕೀಪ್ಯಾಡ್ ಸೆಟ್ಟು, ಒಂದು ಪ್ಲಾಸ್ಟಿಕ್ ಚೀಲ, ಒಂದು ಪುಸ್ತಕ, ರಾತ್ರಿಯ ಐದು ನಿಮಿಷ ಇಷ್ಟಿದ್ದರೆ ಆಯಿತು.

ಈ ಮಳೆಗಾಲಕ್ಕೆ ಮೊದಲು ಸದಸ್ಯರು ತಮ್ಮ ತೋಟದ ಸಾಲುಗಳಿಗೆ ಒಂದೊಂದು ಸಂಖ್ಯೆ ಕೊಟ್ಟು, ಹತ್ತು ಸಾಲಿಗೊಂದರಂತೆ ಮರಕ್ಕೆ ಬಣ್ಣದಲ್ಲಿ ಬರೆದಿಡಲಿ. ಯಂತ್ರ ಯಾವುದಿದ್ದರೂ ಮೊದಲ ಕೆಲಸ ಅದೇ. ಸಂಖ್ಯೆ ಇಲ್ಲದ ಸಾಲಿನ ಲೆಕ್ಕವನ್ನು ಎಂತಹ ಗಣಕವೂ ಇಡಲಾರದು.